ಕೇಳದೆ ಹುಟ್ಟುವ ಫಾರ್ಮ್

ವಿಷುವಲ್ ಬೇಸಿಕ್ 6ಕ್ಕೆ ಇವತ್ತಿಗೂ ಒಳ್ಳೆಯ ಹೆಸರಿದೆ. ಕಾಲೇಜಿನ ಲ್ಯಾಬಿನಲ್ಲಿ ಅದರಿಂದಲೇ ವಿಂಡೋ ಪ್ರೋಗ್ರಾಮಿಂಗಿಗೆ ಕಾಲಿಟ್ಟವರು, ಆಮೇಲೆ ಎಷ್ಟು ಭಾಷೆ ಕಲಿತಿರಲಿ, ಅದರ ಮಾತು ಬಂದೊಡನೆ ಮೆತ್ತಗಾಗುತ್ತಾರೆ. ಎಷ್ಟು ಸರಳವಾಗಿತ್ತು ಅನ್ನುತ್ತಾರೆ. ಆ ಸರಳತೆಗೆ ಅವರು ಕೊಡುವ ಮೊದಲ ಉದಾಹರಣೆಯ ಮೇಲೆಯೇ ನನ್ನ ತಕರಾರು: ಒಂದು ಫಾರ್ಮ್‌ನಲ್ಲಿ ಬಳಕೆದಾರ ಟೈಪ್ ಮಾಡಿದ್ದನ್ನು ಇನ್ನೊಂದು ಫಾರ್ಮ್‌ಗೆ ತರುವುದು. ಆಬ್ಜೆಕ್ಟ್ ಸೃಷ್ಟಿಸಬೇಕಿಲ್ಲ, ರೆಫರೆನ್ಸ್ ಹಿಡಿದಿಟ್ಟುಕೊಳ್ಳಬೇಕಿಲ್ಲ. ಫಾರ್ಮ್‌ನ ಹೆಸರು ಬರೆದು, ಚುಕ್ಕಿ ಇಟ್ಟು, ನೇರವಾಗಿ ಒಳಗಿನ ಟೆಕ್ಸ್ಟ್‌ಬಾಕ್ಸ್‌ಗೇ ಕೈ ಹಾಕಬಹುದು. ಈ ಸೌಲಭ್ಯಕ್ಕೆ ಸಿಕ್ಕ ಹೊಗಳಿಕೆ ಅದರ ಯೋಗ್ಯತೆಗೆ ಮೀರಿದ್ದು.

ಲಕ್ಷಾಂತರ ಪ್ರೋಗ್ರಾಮುಗಳಲ್ಲಿ ಇರಬಹುದಾದ ಎರಡು ಸಾಲು ನೋಡಿ:

ಫಾರ್ಮ್2.ಶೋ ವಿಬಿಮೋಡಲ್
ಲೇಬಲ್1.ಕ್ಯಾಪ್ಶನ್ = ಫಾರ್ಮ್2.ಟೆಕ್ಸ್ಟ್1.ಟೆಕ್ಸ್ಟ್

ಎರಡನೇ ಫಾರ್ಮ್ ತೆರೆ, ಅದು ಮುಚ್ಚುವ ತನಕ ಕಾಯಿ, ಅಲ್ಲಿ ಬರೆದದ್ದನ್ನು ತಂದು ಇಲ್ಲಿ ತೋರಿಸು. ಓದಿದರೆ ತಪ್ಪು ಕಾಣುವುದಿಲ್ಲ. ಆ ಫಾರ್ಮ್‌ನ ಓಕೆ ಬಟನ್ನಿನ ಹಿಂದೆ, ಎಲ್ಲರೂ ಬರೆಯುವಂತೆ, 'ಅನ್‌ಲೋಡ್ ಮಿ' ಎಂದು ಇದೆಯೆನ್ನಿ. ಬಳಕೆದಾರ ಗ್ರಾಹಕನ ಹೆಸರು ಬರೆದು ಓಕೆ ಒತ್ತುತ್ತಾನೆ. ಲೇಬಲ್ ಖಾಲಿ.

ಯಾಕೆ ಖಾಲಿ ಎನ್ನುವುದಕ್ಕಿಂತ ಯಾಕೆ ದೋಷದ ಸಂದೇಶ ಬರಲಿಲ್ಲ ಎನ್ನುವುದು ಮುಖ್ಯ. ಅನ್‌ಲೋಡ್ ಆದ ಫಾರ್ಮ್‌ನ ಕಂಟ್ರೋಲುಗಳು ಆಗಲೇ ಇಲ್ಲವಾಗಿವೆ. ಇಲ್ಲದ್ದನ್ನು ಮುಟ್ಟಿದರೆ ಭಾಷೆ ತಡೆಯಬೇಕಿತ್ತು. ಇದು ತಡೆಯುವುದಿಲ್ಲ. ಫಾರ್ಮ್2 ಅನ್ನುವ ಹೆಸರು ಯಾವಾಗಲೂ ಒಂದು ಫಾರ್ಮನ್ನು ಒದಗಿಸಲೇಬೇಕು ಎಂಬ ಹಟಕ್ಕೆ ಬಿದ್ದು, ಎರಡನೇ ಸಾಲು ಓಡುವ ಹೊತ್ತಿಗೆ ಇಡೀ ಫಾರ್ಮನ್ನು ಮತ್ತೆ ಲೋಡ್ ಮಾಡುತ್ತದೆ. ಅದರ ಫಾರ್ಮ್_ಲೋಡ್ ಮತ್ತೊಮ್ಮೆ ಓಡುತ್ತದೆ. ವಿನ್ಯಾಸದ ವೇಳೆ ಆ ಪೆಟ್ಟಿಗೆಯಲ್ಲಿ ಏನಿತ್ತೋ ಅದನ್ನೇ, ಇಲ್ಲಿ ಖಾಲಿಯನ್ನೇ, ಉತ್ತರವೆಂದು ಕೊಡುತ್ತದೆ. ಹೀಗೆ ಹುಟ್ಟಿದ ಫಾರ್ಮ್ ತೆರೆಯ ಮೇಲೆ ಕಾಣುವುದಿಲ್ಲ, ಆದರೆ ಮೆಮೊರಿಯಲ್ಲಿರುತ್ತದೆ. ವಿಬಿ ಪ್ರೋಗ್ರಾಮ್ ಮುಗಿಯಬೇಕಾದರೆ ಲೋಡ್ ಆದ ಫಾರ್ಮ್‌ಗಳೆಲ್ಲ ಅನ್‌ಲೋಡ್ ಆಗಬೇಕು. ಮುಖ್ಯ ವಿಂಡೋ ಮುಚ್ಚಿ ಬಳಕೆದಾರ ಮನೆಗೆ ಹೋದರೂ ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೋಗ್ರಾಮ್ ಓಡುತ್ತಲೇ ಇರುತ್ತದೆ. ಒಂದು ಓದುವ ಸಾಲಿಗೆ, ಅದೂ ಏನನ್ನೂ ಬದಲಿಸದಂತೆ ಕಾಣುವ ಸಾಲಿಗೆ, ಇಷ್ಟು ಅಡ್ಡಪರಿಣಾಮ!

ಇನ್ನೂ ಕೆಟ್ಟದ್ದು ಮುಂದಿದೆ. ಅನ್‌ಲೋಡ್ ಆದಾಗ ಕಂಟ್ರೋಲುಗಳು ಅಳಿಯುತ್ತವೆ, ಆದರೆ ಫಾರ್ಮ್‌ನ ಕೋಡಿನಲ್ಲಿ ಘೋಷಿಸಿದ ವೇರಿಯಬಲ್‌ಗಳು ಅಳಿಯುವುದಿಲ್ಲ. 'ಸೆಟ್ ಫಾರ್ಮ್2 = ನಥಿಂಗ್' ಎಂದು ಬರೆಯುವವರೆಗೂ ಅವು ತಮ್ಮ ಬೆಲೆಗಳನ್ನು ಹಿಡಿದುಕೊಂಡೇ ಇರುತ್ತವೆ. ಹಾಗಾಗಿ ಟೆಕ್ಸ್ಟ್‌ಬಾಕ್ಸ್ ನಂಬಬೇಡ, ಪಬ್ಲಿಕ್ ವೇರಿಯಬಲ್‌ನಲ್ಲಿ ಇಡು ಎಂಬ ಉಪಾಯ ಹುಟ್ಟಿತು. ಮೊದಲ ಸಲ ಸರಿಯಾಗಿ ನಡೆಯುತ್ತದೆ. ಎರಡನೇ ಗ್ರಾಹಕನ ಸರದಿಯಲ್ಲಿ ಬಳಕೆದಾರ ಕ್ಯಾನ್ಸಲ್ ಒತ್ತಿದರೆ ವೇರಿಯಬಲ್‌ನಲ್ಲಿ ಮೊದಲ ಗ್ರಾಹಕನ ಹೆಸರು ಕೂತಿರುತ್ತದೆ, ಬಿಲ್ಲಿನ ಮೇಲೆ ಅದೇ ಬರುತ್ತದೆ. ಒಂದೇ ಫಾರ್ಮ್‌ನಲ್ಲಿ ಅರ್ಧ ಸತ್ತಿದೆ, ಅರ್ಧ ಬದುಕಿದೆ. ಯಾವುದು ಯಾವುದೆಂದು ತಿಳಿಯಲು ಕೈಪಿಡಿಯಲ್ಲಿ ಫಾರ್ಮ್‌ನ ಜೀವನಚಕ್ರದ ಅಧ್ಯಾಯ ಓದಬೇಕು. ಸರಳತೆಯ ಭಕ್ತರು ಆ ಅಧ್ಯಾಯ ಓದಿದವರಲ್ಲ.

ಓದಿದವರು 'ಮಿ.ಹೈಡ್' ಬಳಸಿದರು: ಓಕೆ ಒತ್ತಿದಾಗ ಫಾರ್ಮ್ ಬರೀ ಅಡಗುತ್ತದೆ, ಕರೆದವನು ಬೇಕಾದ್ದನ್ನು ಓದಿಕೊಂಡು ಆಮೇಲೆ ತಾನೇ ಅನ್‌ಲೋಡ್ ಮಾಡುತ್ತಾನೆ. ಇದು ಸರಿಯಾದ ದಾರಿ. ಆದರೆ ಬಳಕೆದಾರ ಮೂಲೆಯ ಎಕ್ಸ್ ಒತ್ತಿದರೆ ಫಾರ್ಮ್ ಅನ್‌ಲೋಡ್ ಆಗಿ ಹಳೆಯ ಗೋಳು ಮರಳುತ್ತದೆ. ಅದನ್ನು ಕ್ವೆರಿ‌ಅನ್‌ಲೋಡ್ ಈವೆಂಟಿನಲ್ಲಿ ಹಿಡಿದು ರದ್ದು ಮಾಡಿ ಮತ್ತೆ ಹೈಡ್ ಮಾಡಬೇಕು. ಇಷ್ಟೆಲ್ಲ ಸೇರಿಸಿದ ಮೇಲೂ ಇದನ್ನು ಸರಳವೆನ್ನುವವರ ಧೈರ್ಯಕ್ಕೆ ನಮಸ್ಕಾರ.

ವಿಬಿಯನ್ನು ಆಟಿಕೆಯೆಂದು ಹಳಿಯುವವರ ಜೊತೆ ನಿಲ್ಲಲು ಮಾತ್ರ ನನಗೆ ಇಷ್ಟವಿಲ್ಲ. ಅವರ ಮದ್ದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಒಂದು ವಿಂಡೋ ಇನ್ನೊಂದರ ಹೆಸರು ಹಿಡಿಯಬಾರದು, ಎಲ್ಲವೂ ಆಬ್ಸರ್ವರ್ ಪ್ಯಾಟರ್ನ್ ಮೂಲಕವೇ ಸಾಗಬೇಕು, ಮಧ್ಯದಲ್ಲೊಂದು ಈವೆಂಟ್ ಬಸ್ ಇರಬೇಕು ಎಂಬುದು ಅವರ ವಾದ. 1994ರಲ್ಲಿ ಬಂದ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕವನ್ನು ಇವರು ಆಣೆಯಿಟ್ಟಂತೆ ಉಲ್ಲೇಖಿಸುತ್ತಾರೆ. ಆ ಪುಸ್ತಕದಲ್ಲಿ ಆಬ್ಸರ್ವರ್‌ಗೆ ಕೊಟ್ಟ ಉದಾಹರಣೆ ಏನು? ಒಂದೇ ದತ್ತಾಂಶವನ್ನು ಸ್ಪ್ರೆಡ್‌ಶೀಟ್, ಬಾರ್ ಚಾರ್ಟ್, ಪೈ ಚಾರ್ಟ್ ಮೂರೂ ಒಟ್ಟಿಗೆ ತೋರಿಸುವುದು. ಅಲ್ಲಿ ಕೇಳುವವರು ಹಲವರು, ಬದಲಾವಣೆ ಯಾವ ಗಳಿಗೆಯಲ್ಲಾದರೂ ಬರಬಹುದು. ಗ್ರಾಹಕನ ಹೆಸರು ಕೇಳುವ ವಿಂಡೋದ ಕಥೆ ಅದಲ್ಲ: ಒಂದು ಪ್ರಶ್ನೆ, ಒಂದು ಉತ್ತರ, ಕೇಳಿದವನು ಒಬ್ಬನೇ. ಅದೇ ಪುಸ್ತಕ ಡೈಲಾಗ್ ಬಾಕ್ಸನ್ನೇ ಉದಾಹರಣೆಯಾಗಿ ಎತ್ತಿಕೊಳ್ಳುವುದು ಮೀಡಿಯೇಟರ್ ಅಧ್ಯಾಯದಲ್ಲಿ. ಅದೊಂದು ಫಾಂಟ್ ಆರಿಸುವ ಡೈಲಾಗ್. ಉಲ್ಲೇಖಿಸುವವರು ಆ ಪುಟ ತಿರುಗಿಸಿದಂತಿಲ್ಲ.

ಬಸ್ಸಿನ ಪಂಥದವರು ತಮ್ಮ ಮನೆಯ ಮೌನವನ್ನೂ ಗಮನಿಸಬೇಕು. ಕ್ಯೂಟಿ ಲೈಬ್ರರಿಯ ಸಿಗ್ನಲ್-ಸ್ಲಾಟ್ ಸೊಗಸಾದ ಕಲ್ಪನೆ, ಒಪ್ಪೋಣ. ಆದರೆ ಕ್ಯೂಟಿ 5 ಬರುವ ತನಕ, ಅಂದರೆ 2012ರವರೆಗೆ, ಸ್ಲಾಟಿನ ಹೆಸರು ಮ್ಯಾಕ್ರೋ ಮೂಲಕ ಬರೀ ಸ್ಟ್ರಿಂಗ್ ಆಗಿ ಹೋಗುತ್ತಿತ್ತು. ಒಂದಕ್ಷರ ತಪ್ಪಿದರೆ ಕಂಪೈಲರ್ ಸುಮ್ಮನಿರುತ್ತಿತ್ತು. ಓಡಿಸಿದಾಗ ಕನ್ಸೋಲಿನಲ್ಲೊಂದು ಎಚ್ಚರಿಕೆ ಬಂದು ಹೋಗುತ್ತಿತ್ತು, ಬಟನ್ ಒತ್ತಿದರೆ ಏನೂ ಆಗುತ್ತಿರಲಿಲ್ಲ.

ಮೋಡಲ್ ವಿಂಡೋಗಳೇ ಪಾಪ ಎನ್ನುವ ಮೂರನೇ ಗುಂಪೂ ಇದೆ. ಅವರ ಆರಾಧ್ಯ ಕಂಪ್ಯೂಟರ್ ವಿಜ್ಞಾನಿ ಲ್ಯಾರಿ ಟೆಸ್ಲರ್. ಮೋಡ್ ಬೇಡವೆಂಬುದನ್ನು ಕಾರಿನ ನಂಬರ್ ಪ್ಲೇಟಿನ ಮೇಲೂ ಬರೆಸಿಕೊಂಡವರು. ಹಿಂದಿನ ಪಟ್ಟಿ ನೋಡಲು ಬಿಡದೆ ಎದುರು ಬಂದು ನಿಲ್ಲುವ ಪೆಟ್ಟಿಗೆ ಬಳಕೆದಾರನಿಗೆ ಕಿರಿಕಿರಿಯೇ, ನಿಜ. ಆದರೆ ಟೆಸ್ಲರ್ ಬಡಿದಾಡಿದ್ದು ಕೀಬೋರ್ಡಿನ ಮುಂದೆ ಕೂತವನ ಪರವಾಗಿ. ಕೋಡಿನೊಳಗೆ ಬೆಲೆ ಹೇಗೆ ಮರಳಬೇಕೆಂಬ ಪ್ರಶ್ನೆಗೆ ಅವರನ್ನು ಸಾಕ್ಷಿಗೆ ಕರೆಯುವುದು ಅನ್ಯಾಯ.

ಯಾರೂ ಹೊಗಳದ, ಡಾಟ್‌ನೆಟ್‌ನ ವಿಂಡೋಸ್ ಫಾರ್ಮ್ಸ್‌ನ ಶೋಡೈಲಾಗ್ ಮೆಥಡ್ ಈ ಪ್ರಶ್ನೆಯನ್ನು ಚೆನ್ನಾಗಿ ಬಿಡಿಸಿದೆ. 'ನ್ಯೂ' ಎಂದು ನೀವೇ ಫಾರ್ಮ್ ಹುಟ್ಟಿಸುತ್ತೀರಿ. ಕೇಳುವುದನ್ನು ಕನ್‌ಸ್ಟ್ರಕ್ಟರಿಗೆ ಕೊಡುತ್ತೀರಿ. ಶೋಡೈಲಾಗ್ ಮರಳಿಸುವ ಡೈಲಾಗ್‌ರಿಸಲ್ಟ್‌ನಿಂದ ಓಕೆಯೋ ಕ್ಯಾನ್ಸಲ್ಲೋ ತಿಳಿಯುತ್ತದೆ. ಮುಖ್ಯವಾದದ್ದು ಎಕ್ಸ್ ಬಟನ್ನಿನ ನಡವಳಿಕೆ: ಹೀಗೆ ತೆರೆದ ಫಾರ್ಮನ್ನು ಎಕ್ಸ್ ಒತ್ತಿ ಮುಚ್ಚಿದರೆ ಅದು ನಾಶವಾಗುವುದಿಲ್ಲ, ಅಡಗುತ್ತದೆ, ಉತ್ತರ ಕ್ಯಾನ್ಸಲ್ ಆಗುತ್ತದೆ. ವಿಬಿ6ರಲ್ಲಿ ಕೈಯಾರೆ ಮಾಡಬೇಕಿದ್ದ ಕಸರತ್ತು ಇಲ್ಲಿ ಒಳಗೇ ಸೇರಿದೆ. ಕೆಲಸ ಮುಗಿದ ಮೇಲೆ ಡಿಸ್ಪೋಸ್ ಕರೆಯುವ ಹೊಣೆ ನಿಮ್ಮದು. ಹುಟ್ಟಿಸಿದವನೇ ಮುಗಿಸಬೇಕೆಂಬ ಈ ಕಟ್ಟುಪಾಡಿನಲ್ಲಿ ನನಗೆ ತಪ್ಪು ಕಾಣುವುದಿಲ್ಲ.

2002ರಲ್ಲಿ ಡಾಟ್‌ನೆಟ್ ಬಂದಾಗ ಮೈಕ್ರೋಸಾಫ್ಟ್ ಹೆಸರಿನಿಂದಲೇ ಫಾರ್ಮ್ ಸಿಗುವ ಹಳೆಯ ಪದ್ಧತಿಯನ್ನು ಕಿತ್ತುಹಾಕಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಹಳೆಯ ವಿಬಿ ಬಳಗ ಗೊಣಗುತ್ತಲೇ ಇತ್ತು. ವಿಬಿಯ 2005ರ ಆವೃತ್ತಿಯಲ್ಲಿ ಮೈ.ಫಾರ್ಮ್ಸ್ ಎಂಬ ಹೊಸ ಹೆಸರಿನಲ್ಲಿ ಆ ಪದ್ಧತಿ ವಾಪಸು ಬಂತು. ಈ ಸಲ ಪ್ರತಿ ಥ್ರೆಡ್ಡಿಗೂ ಬೇರೆ ಬೇರೆ ಫಾರ್ಮ್. ಹಿನ್ನೆಲೆ ಥ್ರೆಡ್ಡಿನಿಂದ ಫಾರ್ಮ್1.ಟೆಕ್ಸ್ಟ್‌ಬಾಕ್ಸ್1.ಟೆಕ್ಸ್ಟ್‌ಗೆ ಬರೆದರೆ ಆ ಥ್ರೆಡ್ಡಿಗೆಂದೇ ಒಂದು ಹೊಸ ಫಾರ್ಮ್ ಹುಟ್ಟಿ, ಬರೆದದ್ದು ಅದರೊಳಗೆ ಹೋಗುತ್ತದೆ. ಬೇರೆ ಥ್ರೆಡ್ಡಿನ ಕಂಟ್ರೋಲ್ ಮುಟ್ಟಿದಿರಿ ಎಂದು ಡಾಟ್‌ನೆಟ್ ಎಸೆಯುವ ದೋಷ ಕೂಡ ಬರುವುದಿಲ್ಲ, ಯಾಕೆಂದರೆ ನೀವು ಮುಟ್ಟಿದ್ದು ನಿಮ್ಮದೇ ಥ್ರೆಡ್ಡಿನ ಕಂಟ್ರೋಲ್. ಮೂರು ವರ್ಷ ಸರಿಯಾಗಿದ್ದ ಒಂದು ನಿರ್ಧಾರವನ್ನು ಗೊಣಗಾಟಕ್ಕೆ ಮಣಿದು ಕೈಬಿಟ್ಟದ್ದಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ನಾನು ಕಂಡಿಲ್ಲ: ಹಳಬರಿಗೆ ಅಭ್ಯಾಸವಾಗಿತ್ತು.