ಸೇತುವೆಯಡಿ ಹೋದ ನೀರಿನ ಲೆಕ್ಕ

ಕೆಲವು ವಾರಗಳ ಹಿಂದೆ ಒಂದು ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ ಹ್ಯೂಸ್ಟನ್‌ನಿಂದ ತಂಗಿಯ ಗಂಡ ಫೋನ್ ಮಾಡಿದರು. ಅಲ್ಲಿ ಬೆಳಗಿನ ಕಾಫಿಯ ಹೊತ್ತು.

"ಭಾವ, ಈ ಸಲ ಹಡಗಿನಲ್ಲಿ ಕ್ಯಾಬಿನ್ ಫ್ರೀ. ಇಬ್ಬರಿಗೆ, ಏಳು ರಾತ್ರಿ. ಗ್ಯಾಲ್ವೆಸ್ಟನ್‌ನಿಂದ."

"ಯಾರು ಕೊಟ್ಟದ್ದು?"

"ಕ್ಯಾಸಿನೊದವರು. ಹೋದ ಸಲ ನಾನು ಪ್ರೈಮ್ ಆದೆನಲ್ಲ."

"ಅದಕ್ಕೆ ಎಷ್ಟು ಹೋಯಿತು?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಹೆಚ್ಚೇನಿಲ್ಲ ಭಾವ. ಏಳೆಂಟು ನೂರು ಡಾಲರ್ ಇರಬಹುದು."

ಅಡಿಕೆ ತೂಕದ ಚೀಟಿಯೊಂದು ಮೇಜಿನ ಮೇಲಿತ್ತು. ಅದರ ಹಿಂಬದಿಯಲ್ಲಿ ಲೆಕ್ಕ ಹಾಕಲು ಕುಳಿತೆ. ಈ ಲೆಕ್ಕ ನನಗೆ ಹೊಸದಲ್ಲ. ಒಂಬತ್ತು ವರ್ಷ ಪ್ರವಾಸಿ ಹಡಗುಗಳ ಕ್ಯಾಸಿನೊದಲ್ಲಿ ಕ್ಯಾಶಿಯರ್ ಆಗಿದ್ದವನು ನಾನು. ಹಡಗಿನ ಸಿಬ್ಬಂದಿ ಅಲ್ಲಿ ಆಡುವಂತಿಲ್ಲ. ಹಾಗಾಗಿ ಅಷ್ಟೂ ವರ್ಷ ಚಿಪ್ಸ್ ಎಣಿಸಿದೆ, ಬೇರೆಯವರು ಆಡುವುದನ್ನು ನೋಡಿದೆ. ಊರಿಗೆ ಬಂದು ತೋಟ ನೋಡಿಕೊಳ್ಳಲು ಶುರುಮಾಡಿದ ಮೇಲೆಯೇ ಪ್ರಯಾಣಿಕನಾಗಿ ಹೋಗಿ ಆಟಕ್ಕೆ ಕುಳಿತದ್ದು.

ಹಡಗಿನ ಕ್ಯಾಸಿನೊ ಒಳ್ಳೆಯ ಜಾಗ. ಸುತ್ತಲೂ ಸಮುದ್ರ, ಒಳಗೆ ಹಿತವಾದ ಗದ್ದಲ. ಪಕ್ಕದ ಕುರ್ಚಿಯಲ್ಲಿ ಕುಳಿತವರ ಪರಿಚಯ ಎರಡನೆಯ ರಾತ್ರಿಗೇ ಆಗಿರುತ್ತದೆ. ಆದರೆ ಅಲ್ಲಿ ಸಿಗುವ 'ಫ್ರೀ' ಎಂಬುದರ ಒಳಗುಟ್ಟು ಗೊತ್ತಿದ್ದವನಿಗೆ ಮಾತ್ರ ಅದರ ರುಚಿ ಪೂರ್ತಿ ಸಿಗುತ್ತದೆ.

ಮೊದಲು ಕಾರ್ಡಿನ ವಿಷಯ. ಹಡಗು ಹತ್ತುವಾಗ ಕೊಡುವ ಕಾರ್ಡೇ ಕೋಣೆಯ ಕೀಲಿ, ಅದೇ ಪರ್ಸು, ಅದೇ ಗುರುತುಚೀಟಿ. ಆಡುವವರು ಅದರ ಮೂಲೆಯಲ್ಲಿ ತೂತು ಹೊಡೆಸಿಕೊಳ್ಳುತ್ತಾರೆ. ತೂತಿಗೆ ಸುರುಳಿ ಸುರುಳಿಯಾದ ಪ್ಲಾಸ್ಟಿಕ್ ದಾರ, ದಾರದ ಇನ್ನೊಂದು ತುದಿ ಅಂಗಿಗೆ. ಕಾರ್ಡನ್ನು ಸ್ಲಾಟ್ ಮೆಷಿನ್ನಿಗೆ ತೂರಿಸಿದರೆ ಸಣ್ಣ ಪರದೆಯಲ್ಲಿ ನಿಮ್ಮ ಹೆಸರು ಬರುತ್ತದೆ, ಕೆಳಗೆ ಪಾಯಿಂಟು. ರಾಯಲ್ ಕೆರಿಬಿಯನ್ ಕಂಪನಿಯ ಕ್ಲಬ್ ರಾಯಲ್‌ನಲ್ಲಿ ಸ್ಲಾಟ್ ಮೆಷಿನ್ನಿಗೆ ಐದು ಡಾಲರ್ ಪಣ ಹಾಕಿದರೆ ಒಂದು ಪಾಯಿಂಟು, ವಿಡಿಯೊ ಪೋಕರ್ ಆದರೆ ಹತ್ತು ಡಾಲರಿಗೆ ಒಂದು. ಮೆಟ್ಟಿಲುಗಳು ನಾಲ್ಕು. ಸೇರಿದ ದಿನವೇ ಚಾಯ್ಸ್, 2,500 ಪಾಯಿಂಟಿಗೆ ಪ್ರೈಮ್, 25,000ಕ್ಕೆ ಸಿಗ್ನೇಚರ್, ಒಂದು ಲಕ್ಷಕ್ಕೆ ಮಾಸ್ಟರ್ಸ್. ವರ್ಷದ ಲೆಕ್ಕ ನಮ್ಮ ಸರ್ಕಾರದ್ದರಂತೆಯೇ ಏಪ್ರಿಲ್ 1ರಿಂದ ಮಾರ್ಚ್ 31. ಪ್ರೈಮ್ ಆದರೆ ಕ್ಯಾಸಿನೊದಲ್ಲಿ ಆಡುವಾಗ ಪಾನೀಯ ಉಚಿತ, ವರ್ಷಕ್ಕೊಮ್ಮೆ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಉಚಿತ. ಸಿಗ್ನೇಚರ್ ಆದರೆ ಬಾಲ್ಕನಿಯ ಕ್ಯಾಬಿನ್. ಕಾರ್ನಿವಲ್, ನಾರ್ವೇಜಿಯನ್, ಪ್ರಿನ್ಸೆಸ್ ಕಂಪನಿಗಳಲ್ಲೂ ಇಂಥ ಏರ್ಪಾಡುಗಳಿವೆ. ಹೆಸರು ಬೇರೆ, ಜಾತಿ ಒಂದೇ.

ಪಾಯಿಂಟು ಬರುವುದು ಕಳೆದುಕೊಂಡ ದುಡ್ಡಿಗಲ್ಲ, ಗೆದ್ದ ದುಡ್ಡಿಗೂ ಅಲ್ಲ. ಹರಿದ ದುಡ್ಡಿಗೆ. ನಮ್ಮ ಇಚಿಲಂಪಾಡಿ ಸೇತುವೆಯ ಮೇಲೆ ನಿಂತವನು ಗುಂಡ್ಯ ಹೊಳೆಯಲ್ಲಿ ಎಷ್ಟು ನೀರು ಹಾದುಹೋಯಿತು ಎಂದು ಅಳೆಯಬಹುದು. ಯಾರ ತೋಟಕ್ಕೆ ಎಷ್ಟು ನೀರು ಹೋಯಿತು ಎಂಬುದು ಅವನಿಗೆ ಕಾಣುವುದಿಲ್ಲ. ಪಾಯಿಂಟಿನ ಮೀಟರೂ ಹಾಗೆಯೇ. ನೂರು ಡಾಲರಿನ ನೋಟು ಹಾಕಿ ಕುಳಿತವನು ಒಮ್ಮೆ ಗೆಲ್ಲುತ್ತಾನೆ, ಒಮ್ಮೆ ಸೋಲುತ್ತಾನೆ, ಗೆದ್ದದ್ದನ್ನು ಮತ್ತೆ ಪಣಕ್ಕಿಡುತ್ತಾನೆ. ಹರಿದ ದುಡ್ಡಿನಲ್ಲಿ ನೂರಕ್ಕೆ ಎಂಟು ಕ್ಯಾಸಿನೊದ ಪಾಲು ಎಂದಿಟ್ಟುಕೊಳ್ಳೋಣ. ಆಗ ಸರಾಸರಿಯಲ್ಲಿ ಆ ನೂರು ಡಾಲರ್ ಕರಗುವ ಹೊತ್ತಿಗೆ 1,250 ಡಾಲರ್ ಹರಿದಿರುತ್ತದೆ, 250 ಪಾಯಿಂಟು ಬಂದಿರುತ್ತದೆ.

ಪ್ರೈಮ್ ಆಗಲು ಹರಿಯಬೇಕಾದದ್ದು 12,500 ಡಾಲರ್. ಅದಕ್ಕೆ ಸರಾಸರಿ ಬೆಲೆ 1,000 ಡಾಲರ್. ಒಂದೊಂದೇ ಡಾಲರ್ ಹಾಕಿ ಗಂಟೆಗೆ 500 ಸಲ ಗುಂಡಿ ಒತ್ತಿದರೆ 25 ಗಂಟೆ ಕೂರಬೇಕು. ಏಳು ರಾತ್ರಿಯ ಪ್ರಯಾಣದಲ್ಲಿ ದಿನಕ್ಕೆ ಮೂರೂವರೆ ಗಂಟೆಗಿಂತ ಹೆಚ್ಚು. ತಂಗಿಯ ಗಂಡ ಏಳೆಂಟು ನೂರಕ್ಕೆ ಮುಗಿಸಿದ್ದಾರೆ ಎಂದರೆ ಅದೃಷ್ಟ ಸ್ವಲ್ಪ ಅವರ ಕಡೆಗೇ ಇತ್ತು. ಉಚಿತ ಕ್ಯಾಬಿನ್ನಿಗೂ ತೆರಿಗೆ, ಬಂದರು ಶುಲ್ಕ ಕಟ್ಟಲೇಬೇಕು. ಸಿಬ್ಬಂದಿಯ ಟಿಪ್ಸ್ ಒಬ್ಬರಿಗೆ ದಿನಕ್ಕೆ 18.50 ಡಾಲರಿನಂತೆ ಹಿಡಿದರೂ ಇಬ್ಬರಿಗೆ ಏಳು ದಿನಕ್ಕೆ 259 ಡಾಲರ್. ಇಷ್ಟೆಲ್ಲ ಚೀಟಿಯ ಹಿಂದೆ ಬರೆದು ಫೋಟೊ ತೆಗೆದು ಕಳಿಸಿದೆ.

ಹಳ್ಳಿಯವರಿಗೆ ಇದು ಅರ್ಥವಾಗದ ಲೆಕ್ಕವೇನಲ್ಲ. ಹಾಲಿನ ಸೊಸೈಟಿಯ ಬೋನಸ್ಸೂ ಹಾಕಿದ ಹಾಲಿನ ಪ್ರಮಾಣಕ್ಕೇ ಬರುವುದು, ಮನೆಯಲ್ಲಿ ದನ ಎಷ್ಟಿವೆ ಎಂದು ನೋಡಿ ಅಲ್ಲ. ವ್ಯತ್ಯಾಸ ಒಂದೇ. ಸೊಸೈಟಿಯಲ್ಲಿ ಹಾಲಿನ ದುಡ್ಡು ಮೊದಲೇ ಕೈಗೆ ಬಂದಿರುತ್ತದೆ, ಬೋನಸ್ ಅದರ ಮೇಲಿನದು. ಹಡಗಿನಲ್ಲಿ ನಾವು ಸುರಿದದ್ದರಲ್ಲೇ ಒಂದು ಪಾಲು ನಮಗೆ ತಿರುಗಿ ಬರುತ್ತದೆ. ಇದನ್ನು ತಿಳಿದು ತೆಗೆದುಕೊಂಡರೆ ಅದು ನಿಜವಾದ ಸತ್ಕಾರ. ಗಿರಾಕಿಯ ಹೆಸರು ನೆನಪಿಟ್ಟುಕೊಂಡು, ಕಳೆದ ವರ್ಷ ಅವರು ಕುಡಿದದ್ದು ನಿಂಬೆ ಸೋಡವೋ ವಿಸ್ಕಿಯೋ ಎಂದು ಕೇಳದೆಯೇ ತಂದಿಡುವ ಕ್ಯಾಸಿನೊ ಹೋಸ್ಟ್‌ಗಳನ್ನು ನಾನು ಕಂಡಿದ್ದೇನೆ. ಆ ಅಕ್ಕರೆ ನಟನೆಯಲ್ಲ.

ಮಾರ್ಚ್ ತಿಂಗಳ ಕೊನೆಯ ಪ್ರಯಾಣಗಳು ನನಗೆ ಚೆನ್ನಾಗಿ ನೆನಪಿವೆ. ವರ್ಷದ ಲೆಕ್ಕ ಮುಗಿಯುವ ಕಾಲ. ಒಂದು ಕೊನೆಯ ರಾತ್ರಿ, ಹನ್ನೊಂದು ಗಂಟೆಯ ಹೊತ್ತಿಗೆ, ಎಪ್ಪತ್ತು ದಾಟಿದ ಒಬ್ಬ ಅಜ್ಜಿ ನನ್ನ ಕಿಂಡಿಯ ಮುಂದೆ ಬಂದು ಪಾಯಿಂಟು ಎಷ್ಟಾಯಿತು ಎಂದು ಕೇಳಿದರು. 2,410. ಇನ್ನು 90 ಬೇಕು. ಅಂದರೆ 450 ಡಾಲರ್ ಹರಿಯಬೇಕು, ಸರಾಸರಿ ಖರ್ಚು 36 ಡಾಲರ್. ಅವರು ಪರ್ಸಿನಿಂದ ಎರಡು ಇಪ್ಪತ್ತರ ನೋಟು ತೆಗೆದು ಬೆರಳಿನಿಂದ ನೀವಿ ನೇರ ಮಾಡಿ ಮೂಲೆಯ ಮೆಷಿನ್ನಿಗೆ ಹೋದರು. ಹನ್ನೆರಡೂವರೆಗೆ ತಿರುಗಿ ಬಂದು ಕಾರ್ಡ್ ಚಾಚಿದರು. 2,503. ಅವರ ಮುಖ ನೋಡಿ ನನಗೂ ಖುಷಿಯಾಯಿತು. ಮುಂದಿನ ವರ್ಷದ ಕ್ಯಾಬಿನ್ನಿಗೆ ನಲವತ್ತು ಡಾಲರ್ ಒಳಗಿನ ಖರ್ಚು! ಅದೇ ರಾತ್ರಿ ಇನ್ನೊಬ್ಬರು 19,000ದಲ್ಲಿ ನಿಂತು ಸಿಗ್ನೇಚರ್ ಆಗಲೇಬೇಕೆಂದು ಹಟ ಹಿಡಿದಿದ್ದರು. ಅವರಿಗೆ ಬೇಕಾದದ್ದು 6,000 ಪಾಯಿಂಟು. 30,000 ಡಾಲರ್ ಹರಿಯಬೇಕು, ಸರಾಸರಿ ಬೆಲೆ 2,400 ಡಾಲರ್. ಬೆಳಗಿನ ಜಾವ ಅವರು ಎದ್ದುಹೋಗುವಾಗ ಮೆಷಿನ್ನಿನಿಂದ ಕಾರ್ಡ್ ತೆಗೆದುಕೊಳ್ಳುವುದನ್ನೂ ಮರೆತಿದ್ದರು. ಸುರುಳಿ ದಾರ ಚಾಚಿ ಚಾಚಿ ಅಂಗಿಯನ್ನು ಹಿಂದಕ್ಕೆಳೆದಾಗಲೇ ನಿಂತದ್ದು. ದಡ ಕೈಗೆಟುಕುವಷ್ಟು ಹತ್ತಿರವಿದ್ದರೆ ಈಜಿ ಮುಟ್ಟುವುದು ಜಾಣತನ. ದೂರವಿದ್ದರೆ ಇದ್ದ ಮೆಟ್ಟಿಲಲ್ಲೇ ಇರುವುದು ಲೇಸು ಎಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ.

ಮೇಜಿನ ಆಟಗಳಲ್ಲಿ ಪಾಯಿಂಟು ಇಷ್ಟು ನೇರವಾಗಿ ಬರುವುದಿಲ್ಲ. ಮೇಲ್ವಿಚಾರಕರು ನಿಮ್ಮ ಸರಾಸರಿ ಪಣ ಎಷ್ಟು, ಎಷ್ಟು ಹೊತ್ತು ಕುಳಿತಿರಿ ಎಂದು ಬರೆದುಕೊಂಡು ಲೆಕ್ಕ ಹಾಕುತ್ತಾರೆ. ಅದಕ್ಕೇ ಕುಳಿತ ತಕ್ಷಣ ಕಾರ್ಡ್ ಮೇಜಿನ ಮೇಲಿಡಬೇಕು. ಬ್ಲ್ಯಾಕ್‌ಜ್ಯಾಕ್ ನನ್ನ ಇಷ್ಟದ ಆಟ. ಅದರಲ್ಲಿ ಮೊದಲು ನೋಡಬೇಕಾದದ್ದು ಮೇಜಿನ ಹಸಿರು ಬಟ್ಟೆಯ ಮೇಲೆ ಕಮಾನಿನಂತೆ ಮುದ್ರಿಸಿದ ಸಾಲನ್ನು. ಮೊದಲ ಎರಡೇ ಎಲೆಯಲ್ಲಿ ಇಪ್ಪತ್ತೊಂದು ಬಂದರೆ ಎರಡಕ್ಕೆ ಮೂರು ಕೊಡುತ್ತಾರೋ, ಐದಕ್ಕೆ ಆರು ಕೊಡುತ್ತಾರೋ ಎಂದು ಅಲ್ಲಿ ಬರೆದಿರುತ್ತದೆ. ಸರಿಯಾದ ಕ್ರಮ ಕಲಿತು ಆಡುವವನಿಗೆ ಎರಡಕ್ಕೆ ಮೂರರ ಮೇಜಿನಲ್ಲಿ ಕ್ಯಾಸಿನೊದ ಪಾಲು ನೂರಕ್ಕೆ ಅರ್ಧದಷ್ಟು. ಐದಕ್ಕೆ ಆರರ ಮೇಜಿನಲ್ಲಿ ಅದಕ್ಕೆ ಇನ್ನೂ 1.4ರಷ್ಟು ಸೇರುತ್ತದೆ. ಹದಿನೈದು ಡಾಲರ್ ಪಣ, ಗಂಟೆಗೆ ಅರವತ್ತು ಆಟ, ಮೂರು ಗಂಟೆ. ಹರಿದದ್ದು 2,700 ಡಾಲರ್. ಒಂದು ಮೇಜಿನಲ್ಲಿ ಸರಾಸರಿ ನಷ್ಟ ಹದಿಮೂರೂವರೆ, ಇನ್ನೊಂದರಲ್ಲಿ ಐವತ್ತೊಂದು. ಪಣ ಅದೇ, ಹೊತ್ತೂ ಅದೇ. ಆದ್ದರಿಂದ ಯಾವ ಸವಲತ್ತಿಗಿಂತಲೂ ದೊಡ್ಡ ಸವಲತ್ತು ಆ ಬಟ್ಟೆಯ ಮೇಲಿನ ಸಾಲು.

ಹಡಗು ಬಂದರಿನಲ್ಲಿ ನಿಂತಾಗ ಕ್ಯಾಸಿನೊ ಸಾಮಾನ್ಯವಾಗಿ ಮುಚ್ಚಿರುತ್ತದೆ. ನಮ್ಮ ಕರಾವಳಿಯಲ್ಲಾದರೆ ದಡದಿಂದ ಹನ್ನೆರಡು ನಾಟಿಕಲ್ ಮೈಲಿಯವರೆಗಿನ ನೀರು ನಮ್ಮ ದೇಶದ್ದು. ದಡದಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜಿಗೆ ಅವಕಾಶ ಕೊಡುವುದಿಲ್ಲ. ಒಂದು ಸಲ ನನ್ನ ಹಡಗು ಪಣಂಬೂರಿನ ನವಮಂಗಳೂರು ಬಂದರಿಗೆ ಬಂತು. ಪ್ರವಾಸಿಗಳು ಬಸ್ಸು ಹತ್ತಿ ಮೂಡುಬಿದಿರೆಗೆ, ಕಾರ್ಕಳಕ್ಕೆ ಹೋದರು. ಕ್ಯಾಸಿನೊದ ಬಾಗಿಲು ಹಾಕಿದ್ದರಿಂದ ನಮಗೂ ಬಿಡುವು. ಮನೆಯವಳು ಬೆಳಿಗ್ಗೆಯೇ ಇಚಿಲಂಪಾಡಿಯಿಂದ ಹೊರಟು, ನೆಲ್ಯಾಡಿಯಲ್ಲಿ ಬಸ್ಸು ಹಿಡಿದು, ನೀರುದೋಸೆ ಮತ್ತು ಕೋಳಿ ಗಸಿ ತಂದಿದ್ದಳು. ಬಂದರಿನ ಹೊರಗೆ ಮರದ ಕೆಳಗೆ ಕುಳಿತು ತಿಂದೆವು. ನಾನು ಸಂಜೆ ಹಡಗು ಹತ್ತಿದೆ. ದಡದ ದೀಪಗಳು ಕಾಣದಾದ ಮೇಲೆ ಬಾಗಿಲು ತೆರೆಯಿತು, ಕೈಯಲ್ಲಿ ಇನ್ನೂ ಗಸಿಯ ವಾಸನೆ ಇತ್ತು.

ಅಮೆರಿಕದವರೆಗೆ ಹೋಗದೆ ಇಲ್ಲೇ ನೋಡುವುದಾದರೆ? ಮುಂಬೈಯಿಂದ ಹೊರಡುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗಿದೆ. 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಲ್ಲಿ ರಾಯಲ್ ಕೆರಿಬಿಯನ್ ಸೇರಿದ ಹಡಗದು. ಎರಡು ಮೂರು ಹೆಸರು ಬದಲಿಸಿ 2021ರ ಸೆಪ್ಟೆಂಬರಿನಲ್ಲಿ ನಮ್ಮ ಕಡಲಿಗೆ ಇಳಿಯಿತು. ಅದರಲ್ಲೂ ಕ್ಯಾಸಿನೊ ಇದೆ. ಇನ್ನು ಪಣಜಿಯ ಮಾಂಡವಿ ನದಿಯಲ್ಲಿ ಲಂಗರು ಹಾಕಿದ ಕ್ಯಾಸಿನೊ ಹಡಗುಗಳು ನಮ್ಮವರಿಗೆಲ್ಲ ಗೊತ್ತು. ಅಲ್ಲಿ ಪ್ರವೇಶದ ದುಡ್ಡಿನಲ್ಲೇ ಊಟ, ಪಾನೀಯ, ಒಮ್ಮೆ ಮಾತ್ರ ಆಡಬಹುದಾದ ಚಿಪ್ಸ್ ಎಲ್ಲ ಸೇರಿರುತ್ತದೆ. ನಾವು ಚಿಕ್ಕಂದಿನಿಂದ ಕಂಡ ಉಲಾಯಿ-ಪಿದಾಯಿ ಅಲ್ಲಿ ಅಂದರ್ ಬಾಹರ್ ಎಂಬ ಹೆಸರಿನಲ್ಲಿ ಮಖಮಲ್ಲಿನ ಮೇಜಿನ ಮೇಲೆ ಕೂರುತ್ತದೆ. ಎಲೆ ಮೊದಲು ಬೀಳುವ ಬದಿ ಗೆಲ್ಲುವುದು ನೂರಕ್ಕೆ 51.5 ಸಲ. ಆ ಬದಿಗೆ ಹತ್ತಕ್ಕೆ ಒಂಬತ್ತು ಕೊಟ್ಟರೆ ಕ್ಯಾಸಿನೊದ ಪಾಲು ನೂರಕ್ಕೆ ಎರಡಕ್ಕಿಂತ ಸ್ವಲ್ಪ ಹೆಚ್ಚು. ಆಟದ ಮಟ್ಟಿಗೆ ಇದು ಒಳ್ಳೆಯ ದರವೇ. ಆದರೆ ಚಿಪ್ಸ್ ಕೊಳ್ಳಲು ಕೊಡುವ ಪೂರ್ತಿ ಹಣದ ಮೇಲೆ 2023ರ ಅಕ್ಟೋಬರಿನಿಂದ ಶೇ. 28 ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40 ಆಯಿತು. ಗೆದ್ದ ಚಿಪ್ಸನ್ನು ಮತ್ತೆ ಹೂಡಿದರೆ ಪುನಃ ತೆರಿಗೆ ಇಲ್ಲ ನಿಜ. ಆದರೂ ಇಷ್ಟು ತೆರಿಗೆಯ ಮುಂದೆ ಯಾವ ಸದಸ್ಯತ್ವದ ಸವಲತ್ತೂ ನಿಲ್ಲುವುದಿಲ್ಲ. ಮಾಂಡವಿಗೆ ಊಟಕ್ಕೆ, ಹಾಡಿಗೆ, ನದಿಯ ಗಾಳಿಗೆ ಹೋಗಿ. ಪಾಯಿಂಟಿಗಾಗಿ ಹೋಗಬೇಡಿ.

ಸವಲತ್ತುಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಯಾವುದು ಎಂದು ಓದುಗರು ಕೇಳುವುದುಂಟು. ಒಳಗಿನ ಕ್ಯಾಬಿನ್. ಬಹಳ ಜನ ಅದನ್ನು ಹೀಗಳೆಯುತ್ತಾರೆ. ಕಿಟಕಿಯಿಲ್ಲ, ಹಗಲೋ ಇರುಳೋ ಗೊತ್ತಾಗುವುದಿಲ್ಲ ಎಂದು. ದೀಪ ಆರಿಸಿದರೆ ಆಟಿ ತಿಂಗಳ ಅಮಾವಾಸ್ಯೆಯ ಕತ್ತಲು, ಕೆಳಗೆ ಎಂಜಿನ್ನಿನ ಸಣ್ಣ ಗುಂಯ್ ಸದ್ದು. ಅಷ್ಟು ಗಾಢ ನಿದ್ದೆ ನನಗೆ ಬೇರೆಲ್ಲೂ ಬಂದದ್ದಿಲ್ಲ. ಎದ್ದ ಮೇಲೆ ಸಮುದ್ರ ನೋಡಲು ಇಡೀ ಹಡಗೇ ಇದೆ. ಎರಡನೆಯದು ಫ್ರೀ ಪ್ಲೇ, ಅಂದರೆ ಆಡಲೆಂದೇ ಕ್ಯಾಸಿನೊ ಕೊಡುವ ಉಚಿತ ಹಣ. ಅದನ್ನು ನೇರ ನಗದು ಮಾಡಲಾಗದು, ಆಡಿ ಗೆದ್ದದ್ದನ್ನು ಮಾತ್ರ ಪಡೆಯಬಹುದು. ಒಮ್ಮೆ ಮಾತ್ರ ಓಡಿಸಿ ಎದ್ದುಬಿಟ್ಟರೆ ನೂರು ಡಾಲರಿನದು ಸರಾಸರಿ ತೊಂಬತ್ತೆರಡಾಗಿ ಕೈಗೆ ಬರುತ್ತದೆ. ಮತ್ತೆ ಮತ್ತೆ ಓಡಿಸಿದರೆ ಅದೂ ಹೊಳೆಯ ನೀರು. ಇನ್ನೊಂದು ಮಾತು. ಆಟದ ದುಡ್ಡನ್ನು ಕೋಣೆಯ ಖಾತೆಯಿಂದ ಎಳೆಯಬೇಡಿ, ಅದಕ್ಕೆ ಬೇರೆ ಶುಲ್ಕ ಬೀಳಬಹುದು. ಮನೆಯಿಂದಲೇ ನಗದು ಒಯ್ಯಿರಿ, ದಿನಕ್ಕೊಂದು ಲಕೋಟೆಯಂತೆ.

ತಂಗಿಯ ಗಂಡನಿಗೂ ಇದನ್ನೇ ಹೇಳಿದೆ. ಕ್ಯಾಬಿನ್ ಬಿಡಬೇಡಿ, ಅದರ ಬೆಲೆ ಕಳೆದ ಸಲವೇ ಕೊಟ್ಟಾಗಿದೆ. ಈ ಸಲ ಏಳು ಲಕೋಟೆ, ಒಂದೊಂದರಲ್ಲಿ ಮೂವತ್ತು ಡಾಲರ್. ಸಿಗ್ನೇಚರಿನ ಯೋಚನೆ ಬೇಡ.

"ಹಾಗಾದರೆ ರಾತ್ರಿಯಿಡೀ ಎಂತ ಮಾಡುವುದು ಭಾವ?" ಎಂದರು.

"ಮೇಲಿನ ಡೆಕ್ಕಿಗೆ ಹೋಗಿ. ತಂಗಿಯನ್ನೂ ಕರಕೊಂಡು ಹೋಗಿ, ಅವಳಿಗೆ ಕ್ಯಾಸಿನೊದ ಹೊಗೆ ಆಗುವುದಿಲ್ಲ."

ನಿನ್ನೆ ಅವರ ಹಡಗು ಗ್ಯಾಲ್ವೆಸ್ಟನ್ ಬಿಟ್ಟಿತು. ಇವತ್ತು ಬೆಳಿಗ್ಗೆ ನಾನು ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕುತ್ತಿದ್ದಾಗ ಫೋನಿಗೆ ಒಂದು ಫೋಟೊ ಬಂತು. ಮನುಷ್ಯರು ಯಾರೂ ಇಲ್ಲ. ಹಸಿರು ಬಟ್ಟೆ, ಅಂಚಿನಲ್ಲಿ ಅವರ ಹೆಬ್ಬೆರಳು, ನಡುವೆ ಕಮಾನಿನಂತೆ ಬಾಗಿದ ಹಳದಿ ಅಕ್ಷರಗಳು. ಎರಡಕ್ಕೆ ಮೂರು.