ದೇವರ ನೀರು, ಊರ ಸಂತೆ

ಜಪಾನಿನ ‘ಇಜುಮೊ ಫುದೊಕಿ’ ಕಾವ್ಯವಲ್ಲ; 713ರ ರಾಜಾಜ್ಞೆಯಂತೆ ಪ್ರಾಂತದ ಊರು, ಬೆಟ್ಟ, ಬೆಳೆ, ಐತಿಹ್ಯಗಳನ್ನೆಲ್ಲ ಬರೆದು 733ರಲ್ಲಿ ಮುಗಿಸಿದ ಸರಕಾರಿ ವರದಿ. ಕಡತದಲ್ಲಿ ರಸವೆಲ್ಲಿಂದ ಬರಬೇಕು ಎನ್ನುವವರಿಗೆ ನಾನು ತೋರಿಸುವುದು ತಮತ್ಸುಕುರಿಯ ಬಿಸಿನೀರ ಬುಗ್ಗೆಯ ಪ್ರಸಂಗವನ್ನು.

ಅರಮನೆಗೆ ಹೊರಟ ಇಜುಮೊದ ಅಧಿಪತಿಯ ಶುದ್ಧಿವಿಧಿಗೂ ಈ ಸ್ಥಳಕ್ಕೂ ಇದ್ದ ನಂಟನ್ನು ವರದಿ ಮೊದಲು ಹೇಳುತ್ತದೆ. ಮರುಕ್ಷಣವೇ ಲೇಖನಿ ಮಡಿಯನ್ನು ಬಿಟ್ಟು ಬೀದಿಗಿಳಿಯುತ್ತದೆ! ಗಂಡಸರು, ಹೆಂಗಸರು, ಮುದುಕರು, ಮಕ್ಕಳು ದಾರಿ ಹಿಡಿದೂ ಕಡಲಂಚಿನಲ್ಲೂ ಬರುತ್ತಾರೆ. ದಿನವೂ ಸಂತೆ, ಊಟ, ಗದ್ದಲ. ಒಮ್ಮೆ ಮಿಂದರೆ ಚೆಲುವು, ಮತ್ತೊಮ್ಮೆ ಮಿಂದರೆ ಆರೋಗ್ಯವೆಂಬ ಮಹಿಮೆ ಬರುವುದು ಆಮೇಲೆ. ‘ದೇವರ ನೀರು’ ಎಂದು ಹೆಸರಿಟ್ಟವರೂ ಊರ ಜನರೇ, ಅರ್ಚಕರಲ್ಲ. ಈ ಕ್ರಮದಲ್ಲಿಯೇ ಬರಹದ ಸತ್ವವಿದೆಯೆಂದು ನನ್ನ ಎಣಿಕೆ.

ಇಂದು ಮತ್ಸುಎ ನಗರಕ್ಕೆ ಸೇರಿದ ಈ ಊರಿನ ಪ್ರಚಾರವೆಲ್ಲ ಚೆಲುವಿನ ಮಾತನ್ನೇ ಹಿಡಿದಿದೆ. ತಮತ್ಸುಕುರಿಯು ದೇಗುಲಕ್ಕೆ ಬಂದವರು ಪುಟ್ಟ ಕಲ್ಲೊಂದನ್ನು ಅಲ್ಲಿನ ಹರಕೆಯ ಗುಂಡಿಗೆ ತಾಗಿಸಿ ಕೋರಿಕೆ ಸಲ್ಲಿಸುತ್ತಾರೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಚೆಲುವಿನ ಒಂದು ಮಾತಿಗಾಗಿ ಸಂತೆಯನ್ನು ಬಿಟ್ಟುಕೊಟ್ಟರೆ ಆ ಪುಟದಲ್ಲಿ ಉಳಿಯುವುದು ಔಷಧಿಯ ಜಾಹೀರಾತು ಮಾತ್ರ.

ವರದಿಯಲ್ಲೂ ಒಂದು ಕೊರತೆಯುಂಟು. ತಮತ್ಸುಕುರಿ ಎಂದರೆ ಮಣಿ ಮಾಡುವುದು; ದೇಗುಲದಲ್ಲಿ ಪೂಜೆಗೊಳ್ಳುವ ಕುಶಿಯಾಕರುದಮ ಪುರಾಣದ ಮಣಿಗಾರ. ಹತ್ತಿರದ ಗುಡ್ಡದ ಅಗೇಟು, ಹಸಿರು ಜ್ಯಾಸ್ಪರ್ ಕಲ್ಲುಗಳನ್ನು ಉಜ್ಜಿ ಕೊರೆದವರ ಕಾರ್ಯಾಗಾರಗಳ ಅವಶೇಷಗಳೂ ಅಲ್ಲಿ ದೊರೆತಿವೆ. ಮಿಂದವರನ್ನು ಅಷ್ಟು ಅಕ್ಕರೆಯಿಂದ ಕಂಡ ಪ್ರಸಂಗದಲ್ಲಿ ಆ ಕೈಕೆಲಸದ ವರ್ಣನೆಯೇ ಇಲ್ಲ.