ವಿಭೀಷಣ ಶರಣಾಗತಿ: ಆಶ್ರಯವಿತ್ತವರ ಕಡೆಯಿಂದ

ರಾಮಾಯಣದ ಯುದ್ಧಕಾಂಡದಲ್ಲಿ ಬರುವ ವಿಭೀಷಣ ಶರಣಾಗತಿಯನ್ನು ನಮ್ಮ ವ್ಯಾಖ್ಯಾನಕಾರರು ಬಹುಮಟ್ಟಿಗೆ ಶರಣುಬಂದವನ ಕಡೆಯಿಂದಲೇ ನೋಡಿರುವರು. ಶ್ರೀವೈಷ್ಣವ ಆಚಾರ್ಯರಿಗಂತೂ ಅದು ಪ್ರಪತ್ತಿಗೆ ಪರಮ ನಿದರ್ಶನ. ಆ ಅರ್ಥವು ಪೂಜ್ಯವಾದುದೇ ಸರಿ. ಆದರೆ ಕಾವ್ಯವನ್ನು ಕಾವ್ಯವಾಗಿ ಓದುವವರಿಗೆ ಇನ್ನೊಂದು ಸಂಗತಿ ಕಾಣದಿರದು: ಇಲ್ಲಿ ವಿಭೀಷಣನ ಮಾತು ಸ್ವಲ್ಪ, ಅವನನ್ನು ಒಳಗೆ ಬಿಡಬೇಕೆ ಬೇಡವೆ ಎಂಬ ಆಲೋಚನೆಯೇ ದೀರ್ಘ. ಕವಿಯ ಲಕ್ಷ್ಯವಿರುವುದು ಆಶ್ರಯ ಕೊಡಬೇಕಾದವರ ಮನಸ್ಸಿನ ಮೇಲೆ.

ನಾಲ್ವರು ಅನುಚರರೊಡನೆ ಸಮುದ್ರದ ಈಚೆಯ ದಡಕ್ಕೆ ಬಂದ ವಿಭೀಷಣನು ಆಕಾಶದಲ್ಲಿಯೇ ನಿಂತು, ತಾನು ರಾವಣನ ತಮ್ಮನೆಂಬುದನ್ನು ಮರೆಮಾಚದೆ ತಿಳಿಸುತ್ತಾನೆ. ಸುಗ್ರೀವನಿಗೆ ಇವನು ಗೂಢಚಾರನೆಂದು ಶಂಕೆ, ವಧಾರ್ಹನೆನ್ನುತ್ತಾನೆ. ಪರೀಕ್ಷಿಸಬೇಕೆಂದು ಅಂಗದನೂ, ಚಾರರನ್ನು ಕಳುಹಬೇಕೆಂದು ಶರಭನೂ, ಮೆಲ್ಲಗೆ ಪ್ರಶ್ನಿಸಬೇಕೆಂದು ಮೈಂದನೂ ಹೇಳುತ್ತಾರೆ. ಸದ್ಭಾವದಿಂದ ಬಂದವನನ್ನು ಬಂದೊಡನೆ ಕೆದಕಿ ಕೇಳಿದರೆ ಅವನ ಮನಸ್ಸು ಕೆಡುವುದೆಂಬ ಸೂಕ್ಷ್ಮವನ್ನು ಕಂಡವನು ಹನುಮಂತನು. ಇವರಲ್ಲಿ ಯಾರನ್ನೂ ಕವಿ ಮೂಢರೆಂದು ಚಿತ್ರಿಸಿಲ್ಲ. ಯುದ್ಧದ ಹೊಸ್ತಿಲಲ್ಲಿ ಭಯವು ಸಹಜ. ರಾಮನು ಆ ಭಯದ ಮಾತನ್ನು ಕಡೆಯವರೆಗೆ ಕೇಳುತ್ತಾನೆ. ತೀರ್ಪನ್ನು ಮಾತ್ರ ಅದರ ಕೈಗೆ ಕೊಡುವುದಿಲ್ಲ.

ವಿಭೀಷಣನಿಂದ ರಾಮನಿಗೆ ಲಾಭವಾಯಿತಲ್ಲವೆ, ಲಂಕೆಯ ಬಲಾಬಲಗಳು ತಿಳಿದುವಲ್ಲವೆ ಎಂದು ಆಕ್ಷೇಪಿಸಬಹುದು. ಆಕ್ಷೇಪವು ಸಣ್ಣದಲ್ಲ. ಆದರೆ ಉತ್ತರವು ಕಾವ್ಯದಲ್ಲಿಯೇ ಇದೆ. ಬೇಡನಿಗೆ ತನ್ನ ದೇಹವನ್ನೇ ಉಣಬಡಿಸಿದ ಪಾರಿವಾಳದ ಕಥೆಯನ್ನು ರಾಮನು ನೆನೆಯುತ್ತಾನೆ. ಬಂದವನು ರಾವಣನೇ ಆಗಿದ್ದರೂ ಅಭಯವುಂಟೆನ್ನುತ್ತಾನೆ. ಲಾಭವು ಅಭಯವನ್ನು ಹಿಂಬಾಲಿಸಿ ಬಂದಿತೇ ಹೊರತು ಅದಕ್ಕೆ ಕಾರಣವಾಗಲಿಲ್ಲ.

ಈ ವಿವೇಚನೆ ಬರಿಯ ಪಾಂಡಿತ್ಯಕ್ಕಾಗಿ ಅಲ್ಲ. ಪ್ರಾಣಭಯವಿರುವೆಡೆಗೆ ನಿರಾಶ್ರಿತರನ್ನು ಹಿಂದಟ್ಟಬಾರದೆಂದು ವಿಧಿಸುವ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು ಸಹಿಮಾಡಿಲ್ಲ; ಅವರಿಗಾಗಿ ಪ್ರತ್ಯೇಕ ಶಾಸನವೂ ನಮ್ಮಲ್ಲಿಲ್ಲ. ಆದಕಾರಣ ನಮ್ಮ ನಾಡಿನಲ್ಲಿ ಆಶ್ರಯವು ಬಹಳಮಟ್ಟಿಗೆ ಕೊಡುವವರ ಮನಸ್ಸನ್ನೇ ಅವಲಂಬಿಸಿದೆ. 1959ರಲ್ಲಿ ದಲಾಯಿ ಲಾಮಾ ಅವರು ಗಡಿ ದಾಟಿ ಬಂದ ಮೇಲೆ, ಅವರಂತೆಯೇ ನೆಲೆ ಕಳೆದುಕೊಂಡ ಟಿಬೆಟನ್ನರಿಗೆ ಅಂದಿನ ಮೈಸೂರು ಸರ್ಕಾರವು ಬೈಲುಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುಭೂಮಿಯನ್ನು ಒದಗಿಸಿತು. 1961ರ ಸುಮಾರಿಗೆ ಅಲ್ಲಿ ವಸತಿ ನೆಲೆಗೊಂಡಿತು. ಕನಕಪುರದ ಹೆದ್ದಾರಿ ಮುಟ್ಟುವ ಕೊಳ್ಳೇಗಾಲದಾಚೆ, ಒಡೆಯರಪಾಳ್ಯದಲ್ಲಿಯೂ 1970ರ ದಶಕದಲ್ಲಿ ಅಂತಹುದೇ ನೆಲೆಯಾಯಿತು. ಆ ಜನರಿಂದ ಯಾವ ಯುದ್ಧವನ್ನೂ ಗೆಲ್ಲಬೇಕಾಗಿರಲಿಲ್ಲ.

ರಾಮದೇವರಬೆಟ್ಟದ ಸುತ್ತಣ ನಮ್ಮ ಊರುಗಳಲ್ಲಿ ರಾಮಾಯಣವನ್ನು ಪ್ರವಚನ ಮಾಡುವವರು ಪಟ್ಟಾಭಿಷೇಕಕ್ಕೆ ಕೊಡುವಷ್ಟೇ ಅವಕಾಶವನ್ನು ಆ ಸಮುದ್ರತೀರದ ಚರ್ಚೆಗೂ ಕೊಡಲಿ. ಸುಗ್ರೀವನ ಸಂಶಯವನ್ನು ಪೂರ್ತಿಯಾಗಿ ಕೇಳಿದ ಸಭೆಗೇ ರಾಮನ ಉತ್ತರದ ಬೆಲೆ ತಿಳಿದೀತು.